ಅರ್ಧಕ್ಕೆ ಅರ್ಧ

ಹೋಪ್‌ವೆಲ್, ವರ್ಜೀನಿಯಾ

ಮೊದಲು ಅದು ಪೆಟ್ರೋಲ್ ಬಂಕು.
ಪಂಪು ಕಿತ್ತು, ಷೆಡ್ಡಿನೊಳಗೆ ಪುಡಿ ಮಾಡತೊಡಗಿದರು,
ಮೈದಾ ಹಿಟ್ಟಿನಂಥ ಪುಡಿ, ಜಿರಲೆಗೆ, ಇರುವೆಗೆ,
ಯಾವುದೋ ದ್ವೀಪದಲ್ಲಿ ಬಾಳೆಯ ಬುಡ ಕೊರೆಯುವ ಹುಳಕ್ಕೆ.
ಕೂಲಿ ಬೇರೆ ಕಡೆಗಿಂತ ಹೆಚ್ಚು.
ಡೆಲ್ಬರ್ಟ್ ಆ ಪುಡಿಯ ನಡುವೆಯೇ ಕೂತು ಬ್ರೆಡ್ಡು ತಿನ್ನುತ್ತಿದ್ದ.

ಸಂಜೆ ಮೆಟ್ಟಿಲ ಮೇಲೆ ನಿಂತು ಅವನ ಅಂಗಿ ಕೊಡವುತ್ತಿದ್ದೆ
ಹಿಟ್ಟಿನ ಗಿರಣಿಯವನ ಹೆಂಡತಿಯ ಹಾಗೆ.
ಧೂಳು ನನ್ನ ರೆಪ್ಪೆಯ ಮೇಲೂ ಕೂರುತ್ತಿತ್ತು.
ಸಂಬಳ ಎರಡು ದಾರಿಯಿಂದ ಮನೆಗೆ ಬರುತ್ತಿದೆಯೆಂದು
ಯಾರಿಗೆ ಗೊತ್ತಿತ್ತು ಆಗ.

ಮೊದಲು ಕಾಫಿ ತುಳುಕಿತು.
ಆಮೇಲೆ ಗುಂಡಿ ಹಾಕಲು ನನ್ನನ್ನು ಕರೆದ.
ಚೆಕ್ಕಿನ ಹಿಂದಿನ ಸಹಿ ಬರಬರುತ್ತ
ಕೋಳಿ ಕೆದರಿದ ಅಂಗಳವಾಯಿತು;
ಬ್ಯಾಂಕಿನ ಹುಡುಗಿ ನನ್ನ ಮುಖ ನೋಡಿದಳು,
ಏನೂ ಕೇಳದೆ ಎಣಿಸಿಕೊಟ್ಟಳು.
ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.
ಗಾದೆಯಲ್ಲ ಇದು, ಗುರುವಾರ ರಾತ್ರಿಯ ಊಟ.
ಬಟಾಣಿ. ಒಂದೊಂದೇ ಕಾಳು ಚಮಚದಿಂದ ಜಿಗಿದು
ಮೇಜಿನ ಅಂಚಿನಲ್ಲಿ ಯೋಚಿಸಿ, ಕೆಳಗೆ ಬೀಳುತ್ತಿತ್ತು.
ಕಣ್ಣೂ ಹಾಗೆಯೇ. ನನ್ನನ್ನೇ ನೋಡುತ್ತಿದ್ದ,
ಆದರೆ ಕಿಟಕಿಯಾಚೆ ಯಾರೋ ಓಡಾಡುತ್ತಿದ್ದ ಹಾಗೆ.

ಕುಡಿತ, ಎಂದ ಮೊದಲ ಡಾಕ್ಟರು.
ನರದ ತೊಂದರೆ, ಎಂದ ಎರಡನೆಯವನು, ನಿದ್ದೆ ಮಾತ್ರೆ ಬರೆದ.
ಏನು ಕೆಲಸ ಮಾಡುತ್ತೀರಿ, ಎಂದಳು ಮೂರನೆಯವಳು.
ಆ ಒಂದು ಪ್ರಶ್ನೆ ಹುಟ್ಟಲು ಒಂಬತ್ತು ತಿಂಗಳು ಹಿಡಿಯಿತು.

ರಿಚ್‌ಮಂಡಿನ ಆಸ್ಪತ್ರೆಯಲ್ಲಿ ಬಿಡಿಸಿ ಹೇಳಿದರು:
ವಿಷ ಒಳಗೆ ಠೇವಣಿ ಕೂತಿದೆ.
ಯಕೃತ್ತು ಅದನ್ನು ಪಿತ್ತದ ಜೊತೆ ಕರುಳಿಗೆ ದೂಡುತ್ತದೆ,
ಕರುಳು ಪಾಪ, ನೆಂಟರೆಂದುಕೊಂಡು, ಮತ್ತೆ ಒಳಗೆ ಕರೆಯುತ್ತದೆ.
ಮುಂಬಾಗಿಲಿಂದ ಹೋಗಿದ್ದು ಹಿತ್ತಲಿಂದ ವಾಪಸ್ಸು.
ಅದರ ರೆಟ್ಟೆ ಹಿಡಿದು ಹೊರಗೊಯ್ಯಲು ಇನ್ನೊಂದು ಪುಡಿ,
ಇದೂ ಬೆಳ್ಳಗೆ, ಕಿತ್ತಳೆ ರಸದಲ್ಲಿ ಕದಡಿ.
ಮರಳು ಕುಡಿದ ಹಾಗಿದೆ, ಎನ್ನುತ್ತಿದ್ದ.
ಹೊಟ್ಟೆ ಕಲ್ಲಾಗುತ್ತಿತ್ತು; ಬಂದಿದ್ದನ್ನು ಡಬ್ಬಿಗೆ ತುಂಬಿ
ತಾರೀಖು ಬರೆದು, ಐಸಿನಲ್ಲಿಟ್ಟು, ಬಸ್ಸಿನಲ್ಲಿ ನಾನೇ ಒಯ್ಯುತ್ತಿದ್ದೆ,
ಹುಟ್ಟುಹಬ್ಬದ ಕೇಕಿನ ಹಾಗೆ ತೊಡೆಯ ಮೇಲಿಟ್ಟುಕೊಂಡು.
ಏನಮ್ಮ ಅದು, ಎಂದಳು ಪಕ್ಕದ ಹೆಂಗಸು.
ಸಂಬಳ, ಎಂದೆ.

ಸುಮ್ಮನಿದ್ದರೆ ಐದಾರು ತಿಂಗಳಿಗೆ ಅರ್ಧ ಹೋಗುತ್ತದಂತೆ,
ಪುಡಿ ಕುಡಿದರೆ ಬೇಗ.
ಆಮೇಲೆ ಉಳಿದರ್ಧದಲ್ಲಿ ಅರ್ಧ. ಅದರಲ್ಲೂ ಅರ್ಧ.
ಶಾಲೆಯಲ್ಲಿ ಲೆಕ್ಕಕ್ಕೆ ಬಾರದವಳು ನಾನು, ಆದರೂ ಕೇಳಿದೆ:
ಸೊನ್ನೆ ಯಾವಾಗ?
ಅವಳು ಪೆನ್ನಿನ ಕ್ಯಾಪು ಹಾಕಿದಳು, ತೆಗೆದಳು, ಹಾಕಿದಳು.
ಮಗುವಿನ ಯೋಚನೆ ಸದ್ಯಕ್ಕೆ ಬೇಡ, ಎಂದಳು.
ಅವನ ಬೀಜಗಳು ಎಣಿಕೆಗೆ ಸಿಗುವಷ್ಟಿಲ್ಲ,
ಇರುವವೂ ಈಜುವುದಿಲ್ಲ.
ನನ್ನ ತೋಳನ್ನೂ ಚಾಚೆಂದಳು. ನನ್ನಲ್ಲೂ ಇತ್ತು. ಸ್ವಲ್ಪ.

ನದಿಗೆ ಯಾರು ಕಿತ್ತಳೆ ರಸ ಕಲಸುತ್ತಾರೆ?
ಚರಂಡಿಯಿಂದ ಹೋದದ್ದೆಲ್ಲ ತಳದ ಕೆಸರಿನಲ್ಲಿದೆ.
ಮೀನು ಹಿಡಿಯಬಾರದೆಂದು ಹಲಗೆ ನೆಟ್ಟಿದ್ದಾರೆ;
ಪಕ್ಕದ ಮನೆಯ ಆರ್ಲಿಸ್ ಬಲೆಗಳನ್ನು
ಟೊಮೇಟೊ ಬಳ್ಳಿಗೆ ಆಸರೆ ಕಟ್ಟಿದ.
ಹಳೆ ಕೆಸರ ಮೇಲೆ ಹೊಸ ಕೆಸರು ಕೂತು ಮುಚ್ಚಿಕೊಳ್ಳಲಿ,
ಯಾರೂ ಕೆದಕದಿರಲಿ, ಅದೇ ನದಿಗೆ ಮದ್ದಂತೆ.
ನಮ್ಮ ಮನೆಯಲ್ಲೂ ಕೆಲವು ಮಾತಿಗೆ ಅದೇ ಮದ್ದು.

ಮೊನ್ನೆ ಬೆಳಿಗ್ಗೆ ಡೆಲ್ಬರ್ಟ್ ತಾನೇ ಗುಂಡಿ ಹಾಕಿಕೊಂಡ.
ನಾಲಿಗೆ ಕಚ್ಚಿಕೊಂಡು, ಮಗುವಿನ ಹಾಗೆ, ಕೆಳಗಿನಿಂದ ಮೇಲಕ್ಕೆ.
ಕತ್ತಿನ ಹತ್ತಿರದ್ದೊಂದು ಉಳಿಯಿತು.
ಬಾ, ಎಂದ ನಗುತ್ತ.
ಹೋದೆ. ಹಿಡಿದೆ.
ತೂತಿನ ಅಂಚಿಗೆ ಎರಡು ಸಲ ತಾಕಿ ಜಾರಿತು.

ಜನವರಿ ಅಲ್ಲವೆ. ಚಳಿ ಇತ್ತು.